ಏರ್ ರೈಫಲ್ ಟ್ರಿಗರ್ ಪಿನ್ ಜರುಗುತ್ತಿದ್ದರೆ ವೆಲ್ಡಿಂಗ್ ಹಾಕಿಸಬೇಡಿ

ದಾವಣಗೆರೆಯಲ್ಲಿದ್ದೇನೆ, ಬ್ಯಾರೆಲ್ ಮಡಿಚಿ ಕಾಕ್ ಮಾಡುವ (ಸ್ಪ್ರಿಂಗ್ ಅದುಮಿ ಹೊಡೆಯಲು ಸಿದ್ಧ ಮಾಡುವ) .177 ಇಂಚು ಬೋರಿನ ಸ್ಪ್ರಿಂಗ್ ಏರ್ ರೈಫಲ್, ಹೊಡೆದಂತೆಲ್ಲ ಟ್ರಿಗರ್ ಪಿನ್ (ಟ್ರಿಗರ್ ಆಡುವ ಕೀಲು) ಒಂದು ಪಕ್ಕಕ್ಕೆ ಜರುಗುತ್ತದೆ, ಲೇತ್ ಅಂಗಡಿಯಲ್ಲಿ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸಿಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ ಸರ್. ನಾನು ಇದೇ ಊರಲ್ಲಿ ಲೇತ್ ಕೆಲಸ ಮಾಡುವವನು, ಹತ್ತು ಮೀಟರ್ ಗುರಿ ಅಭ್ಯಾಸವೂ ಇದೆ. ವೆಲ್ಡಿಂಗ್ ಕಾವು ತಾಗಿದರೆ ಟ್ರಿಗರ್‌ಗೆ, ಅದರ ಹಿಂದಿನ ಸೀಯರ್‌ಗೆ (ಕಾಕ್ ಆದ ಸ್ಪ್ರಿಂಗನ್ನು ತಡೆದು ಹಿಡಿಯುವ ಕೊಕ್ಕೆಗೆ) ಕೊಟ್ಟಿರುವ ಗಡಸುತನ ಇಳಿದುಹೋಗುತ್ತದೆ. ಇವನ್ನೆಲ್ಲ ಹಿಡಿದಿರುವ ಹೌಸಿಂಗ್ ಅಲ್ಯೂಮಿನಿಯಮ್ ಎರಕದ್ದಾಗಿದ್ದರೆ ಕರಗಿಯೇ ಹೋದೀತು. ಪಿನ್ನಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿ ಅಗಲ ಮಾಡುವುದೂ ಬೇಡ, ಮುಂದೆ ಬಿಚ್ಚುವಾಗ ಆ ಅಗಲದ ತುದಿಯೇ ತೂತನ್ನು ಹರಿದುಕೊಂಡು ಬರುತ್ತದೆ.

ಕೈ ಹಾಕುವ ಮುಂಚೆ ಬ್ಯಾರೆಲ್‌ನಲ್ಲಿ ಪೆಲೆಟ್ ಇಲ್ಲ, ಸ್ಪ್ರಿಂಗ್ ಕಾಕ್ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಪಿನ್ ಸಡಿಲ ಇರುವಷ್ಟು ದಿನ ಕಾಕ್ ಮಾಡಲೇಬೇಡಿ. ಬ್ಯಾರೆಲ್ ಮಡಿಚಿ ಪೆಲೆಟ್ ಹಾಕುತ್ತಿರುವಾಗ ಸೀಯರ್ ಜಾರಿದರೆ ಬ್ಯಾರೆಲ್ ರಪ್ಪನೆ ಮೇಲಕ್ಕೆ ಬಡಿಯುತ್ತದೆ, ಬೆರಳು ಹೋಗುತ್ತದೆ.

ಈಗ ಸ್ಟಾಕ್ (ರೈಫಲ್‌ನ ಮರದ ಭಾಗ) ಹಿಡಿದಿರುವ ಸ್ಕ್ರೂ ನೋಡಿ. ಸ್ಪ್ರಿಂಗ್ ರೈಫಲ್ ಹೊಡೆದಾಗ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಸ್ಕ್ರೂ ಸಡಿಲವಾಗುವುದು ಸಹಜ. ಅದರ ಮೇಲೆ ನಮ್ಮ ಕಡೆಯ ಬೇಸಿಗೆಯ ಒಣ ಹವೆಗೆ ಮರ ಸ್ವಲ್ಪ ಕುಗ್ಗುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಪಿನ್ನಿನ ಎರಡೂ ತುದಿಗೆ ಮರದ ಗೋಡೆಯೇ ತಡೆ. ಮರ ಸಡಿಲವಾದರೆ ಪಿನ್ನಿಗೆ ಜರುಗಲು ಜಾಗ ಸಿಕ್ಕಿತು. ಅಲೆನ್ ಕೀ ಹಾಕಿ ಬಿಗಿ ಮಾಡಿ, ಮರ ಕೀರಲಿಡುವಷ್ಟು ಬೇಡ. ಪಿನ್ನಿನ ತುದಿಯಲ್ಲಿ ಸುತ್ತ ಒಂದು ಗೀರು ಕೊರೆದಿದ್ದರೆ ಅಲ್ಲೊಂದು ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ಸಣ್ಣ ಸ್ಪ್ರಿಂಗ್ ಬಳೆ) ಇತ್ತು, ಬಿದ್ದುಹೋಗಿದೆ ಎಂದು ಅರ್ಥ. ಹಾಗಿದ್ದರೆ ಹೊಸ ಸರ್ಕ್ಲಿಪ್ ಹಾಕಿದರೆ ಮುಗಿಯಿತು.

ಅದೂ ಅಲ್ಲ ಎಂದಾದರೆ ಟ್ರಿಗರನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹಳ್ಳಿಯ ಹ್ಯಾಂಡ್ ಪಂಪಿನ ಪಿನ್ ಸವೆದಾಗ ಹಿಡಿಕೆ ಪಕ್ಕಕ್ಕೆ ವಾಲಾಡುತ್ತದಲ್ಲ, ಇದೂ ಅದೇ ಲೆಕ್ಕ: ಪಿನ್ ಹತ್ತಿರ ಕೂದಲೆಳೆಯಷ್ಟು ಸಡಿಲ ಇದ್ದರೂ ತುದಿಯಲ್ಲಿ ಎದ್ದು ಕಾಣುತ್ತದೆ. ಆಮೇಲೆ ಪಿನ್ನಿನ ತಲೆಯ ಮೇಲೂ ಪಕ್ಕದ ಹೌಸಿಂಗ್ ಮೇಲೂ ಸೇರುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು, ಕಾಕ್ ಮಾಡದೆಯೇ ಟ್ರಿಗರನ್ನು ಹಿಂದೆ ಮುಂದೆ ಆಡಿಸಿ. ಗೆರೆ ಮುರಿದು ತಲೆಯ ಮೇಲಿನ ಭಾಗ ತಿರುಗಿದ್ದರೆ ಪಿನ್ ಟ್ರಿಗರ್ ಜೊತೆ ಸುತ್ತುತ್ತಿದೆ. ನನ್ನ ದೃಷ್ಟಿಯಲ್ಲಿ ಮುಖ್ಯ ಪರೀಕ್ಷೆ ಇದೇ. ಪಿನ್ ಹೌಸಿಂಗ್ ಗೋಡೆಯಲ್ಲಿ ಬಿಗಿಯಾಗಿ ಕೂತು ಟ್ರಿಗರ್ ಮಾತ್ರ ಅದರ ಮೇಲೆ ಆಡಬೇಕು. ಹಳೇ ಎಣ್ಣೆ ಧೂಳು ಕುಡಿದು ಅಂಟಾದರೆ ಟ್ರಿಗರ್ ಪಿನ್ನನ್ನೇ ಹಿಡಿದುಕೊಂಡು ತಿರುಗಿಸುತ್ತದೆ. ಸುತ್ತುವ ಪಿನ್ ಪ್ರತಿ ಒದೆತಕ್ಕೂ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತದೆ.

ಪಿನ್ ತೆಗೆಯುವುದಕ್ಕೆ ಹಿತ್ತಾಳೆಯ ಪಂಚ್ ಬಳಸಿ. ಒಂದು ತುದಿಯಲ್ಲಿ ಉದ್ದುದ್ದಕ್ಕೆ ಸಣ್ಣ ಗೀರುಗಳಿದ್ದರೆ ಆ ತುದಿಯೇ ಮೊದಲು ಹೊರಬರುವಂತೆ ಇನ್ನೊಂದು ಕಡೆಯಿಂದ ತಳ್ಳಿ. ಒಳಗಿನ ಸಣ್ಣ ಸ್ಪ್ರಿಂಗ್ ಹಾರಿ ಹೋಗುತ್ತದೆ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಸೀಯರಿನ ಪಿನ್ನಿಗೆ ಮಾತ್ರ ಕೈ ಹಾಕಬೇಡಿ. ಕೆಲವು ಮಾಡೆಲ್‌ಗಳಲ್ಲಿ ದೊಡ್ಡ ಸ್ಪ್ರಿಂಗಿನ ಒತ್ತಡ ಅದರ ಹಿಂದೆಯೇ ಇರುತ್ತದೆ.

ಈಗ ಮೈಕ್ರೋಮೀಟರ್ ಹಿಡಿಯಿರಿ, ಇಲ್ಲದಿದ್ದರೆ ಯಾವುದಾದರೂ ಟರ್ನಿಂಗ್ ಅಂಗಡಿಗೆ ಹೋಗಿ ಅಳೆಸಿ. ಪಿನ್ನಿನ ನಡುಭಾಗ ತುದಿಗಿಂತ ತೆಳ್ಳಗಾಗಿದ್ದರೆ, ಉಗುರು ಎಳೆದಾಗ ಮೆಟ್ಟಿಲಿನಂತೆ ತಡೆದರೆ, ಸವೆದದ್ದು ಪಿನ್. ಪಿನ್ ಉದ್ದಕ್ಕೂ ಒಂದೇ ಸಮ ಇದ್ದರೆ ಅದೇ ಅಳತೆಯ ಡ್ರಿಲ್ ಬಿಟ್ಟಿನ ನಯವಾದ ಹಿಂಭಾಗವನ್ನು ಹೌಸಿಂಗ್ ತೂತಿಗೆ ಹಾಕಿ ನೋಡಿ. ಒಂದು ದಿಕ್ಕಿಗೆ ಮಾತ್ರ ಅಲ್ಲಾಡಿದರೆ ತೂತು ಮೊಟ್ಟೆಯಾಕಾರ ಆಗಿದೆ.

ಪಿನ್ ಸವೆದಿದ್ದರೆ ಖರ್ಚು ಹೆಚ್ಚೇನಿಲ್ಲ. ಬೇರಿಂಗ್ ಅಂಗಡಿಯಲ್ಲಿ ಬಿಡಿ ನೀಡಲ್ ರೋಲರ್ (ಬೇರಿಂಗ್ ಒಳಗಿನ ಸಣ್ಣ ಉರುಳೆ), ಇಲ್ಲವೇ ಹಾರ್ಡ್‌ವೇರ್ ಅಂಗಡಿಯಲ್ಲಿ ಗಡಸು ಮಾಡಿದ ಡವೆಲ್ ಪಿನ್ (ನೇರ ಉಕ್ಕಿನ ಪಿನ್) ಕೇಳಿ. ಮೊಳೆ, ಸೈಕಲ್ ಕಡ್ಡಿ, ಮೆತ್ತನೆಯ ಸಾದಾ ಸರಳು ಕತ್ತರಿಸಿ ಹಾಕಿದರೆ ಬೇಗ ಸವೆದು ಮತ್ತೆ ಅದೇ ಗೋಳು. ತೂತು ಸವೆದಿದ್ದರೆ ನನ್ನ ಸಲಹೆ ಒಂದೇ, ಕಂಪನಿಯಿಂದ ಟ್ರಿಗರ್ ಸೆಟ್ ತರಿಸಿ ಹಾಕಿಸಿ. ರೀಮರ್ ಹೊಡೆದು (ತೂತನ್ನು ಅಳತೆಗೆ ಹಿಗ್ಗಿಸಿ) ದಪ್ಪ ಪಿನ್ ಕೂರಿಸಬಹುದು, ಆದರೆ ತೂತು ಒಂಚೂರು ಓರೆ ಬಂದರೂ ಟ್ರಿಗರ್ ಸೀಯರನ್ನು ಹಿಡಿಯುವ ಜಾಗವೇ ಬದಲಾಗುತ್ತದೆ. ಪಿನ್ ಜರುಗದಂತೆ ಲಾಕ್‌ಟೈಟ್ ಅಂಟು ಹಾಕುವವರು ಎಣ್ಣೆ ಪೂರ್ತಿ ಒರೆಸಿ, ಹೌಸಿಂಗ್ ಗೋಡೆಯ ಒಂದು ಕಡೆಗೆ ಮಾತ್ರ ಸೂಜಿಮೊನೆಯಷ್ಟು ಹಚ್ಚಲಿ. ಅದು ಹರಿದು ಟ್ರಿಗರಿಗೆ ಅಂಟಿದರೆ ಟ್ರಿಗರ್ ಹಿಂದಕ್ಕೆ ಬಾರದೆ ನಿಂತುಬಿಡಬಹುದು.

ಜೋಡಿಸಿದ ಮೇಲೆ ಪೆಲೆಟ್ ಇಲ್ಲದೆ ಹೊಡೆದು ನೋಡಬೇಡಿ, ಪಿಸ್ಟನ್ ನೇರ ಬಡಿದು ಸೀಲ್ ಹಾಳಾಗುತ್ತದೆ. ಪೆಲೆಟ್ ಹಾಕುವವರೆಗೂ ಒಂದು ಕೈ ಬ್ಯಾರೆಲನ್ನು ಬಿಗಿಯಾಗಿ ಹಿಡಿದೇ ಇರಲಿ. ಆಮೇಲೆ ಟ್ರ್ಯಾಪ್ (ಗುರಿಯ ಹಿಂದೆ ಪೆಲೆಟ್ ತಡೆಯುವ ಪೆಟ್ಟಿಗೆ) ಕಡೆಗೇ ಮೂತಿ ಇಟ್ಟು ರಬ್ಬರ್ ಸುತ್ತಿಗೆಯಿಂದ ಸ್ಟಾಕ್ ಮೇಲೆ ಮೆಲ್ಲಗೆ ತಟ್ಟಿ. ತಾನಾಗಿ ಹಾರಿದರೆ ಆ ರೈಫಲ್ ಇನ್ನೂ ಬಳಸುವಂತಿಲ್ಲ.

ಇದನ್ನೆಲ್ಲ ಹೇಳಿದ್ದು ಏರ್ ರೈಫಲ್‌ಗೆ. 2016ರ ಆಯುಧ ನಿಯಮಗಳ ಪ್ರಕಾರ .177 ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುವ ಬೆಳೆ ರಕ್ಷಣೆಯ ಬಂದೂಕಿನ ಪಿನ್ ಸಡಿಲವಾದರೆ ಅದನ್ನು ನಮ್ಮಂಥ ಲೇತಿನವರ ಹತ್ತಿರ ತರಬೇಡಿ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಅದು ಇರುವವರ ಹತ್ತಿರವೇ ಒಯ್ಯಬೇಕು.

ಪಿನ್ನಿನ ತುದಿ, ನಡು, ತೂತು ಮೂರನ್ನೂ ಅಳೆದು ಮಿಲಿಮೀಟರ್‌ನಲ್ಲಿ ಇಲ್ಲೇ ಕೆಳಗೆ ಹಾಕಿ, ಯಾವ ಸೈಜಿನ ಪಿನ್ ತರಬೇಕೆಂದು ನೋಡಿ ಹೇಳುತ್ತೇನೆ.