ಇನ್ನೆರಡು ವರ್ಷ ಎನ್ನುತ್ತ ಕಳೆದ ಹದಿನೆಂಟು ವರ್ಷ

ದುಬೈಯ ಕಂಪನಿಯೊಂದು ನಿಮಗೆ ತಿಂಗಳಿಗೆ 9,000 ದಿರ್ಹಮ್ ಸಂಬಳದ ಕೆಲಸ ಕೊಡಲು ಮುಂದಾಗಿದೆ. ಹೆಂಡತಿಯನ್ನೂ ಎರಡು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿ, ಐದು ವರ್ಷ ದುಡಿದು, ಹಾಸನಕ್ಕೆ ಮರಳಬೇಕೆಂಬುದು ನಿಮ್ಮ ಯೋಚನೆ. ಅಲ್ಲಿ ಬಹುಕಾಲದಿಂದ ಇರುವವರನ್ನು ದಿನನಿತ್ಯ ಕಾಡುವ ಚಿಂತೆಗಳು ಯಾವುವು, ಆದಾಯ ತೆರಿಗೆ ಇಲ್ಲದ ದೇಶದಲ್ಲಿ ನಿಜಕ್ಕೂ ಹಣ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಬೈಂದೂರಿನ ಕಡೆಯವನು. 2007ರಲ್ಲಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆಂದು ಬಂದವನು ಇಂದಿಗೂ ಇಲ್ಲೇ ಇದ್ದೇನೆ. ಕೆಲಸ ದುಬೈಯಲ್ಲಿ, ಮನೆ ಶಾರ್ಜಾದಲ್ಲಿ. ನಾನೂ ಐದು ವರ್ಷದ ಲೆಕ್ಕ ಹಾಕಿಕೊಂಡೇ ವಿಮಾನ ಹತ್ತಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹಣದ ವಿಷಯವನ್ನು ಬೇಗ ಮುಗಿಸೋಣ. ಸಂಬಳದ ಮೇಲೆ ಇಲ್ಲಿ ತೆರಿಗೆಯಿಲ್ಲ ಎಂಬುದು ನಿಜ. 2018ರ ಜನವರಿಯಿಂದ ಕೊಳ್ಳುವ ಬಹುತೇಕ ವಸ್ತುಗಳ ಮೇಲೆ ಶೇ. 5ರ ವ್ಯಾಟ್ ಇದೆ, ಅದು ದೊಡ್ಡ ಹೊರೆಯಲ್ಲ. ಸರ್ಕಾರ ತೆಗೆದುಕೊಳ್ಳದ ಹಣವನ್ನು ಮನೆ ಮಾಲೀಕನೂ ಶಾಲೆಯೂ ತೆಗೆದುಕೊಳ್ಳುತ್ತಾರೆ, ಅಷ್ಟೇ. ನನ್ನ ಶಾರ್ಜಾದ ಎರಡು ಕೋಣೆಗಳ ಮನೆಗೆ ವರ್ಷಕ್ಕೆ 42,000 ದಿರ್ಹಮ್ ಬಾಡಿಗೆ. ದುಬೈಯಲ್ಲಿ ಅಂಥದೇ ಮನೆ ಆ ಹಣಕ್ಕೆ ಸಿಗುವುದಿಲ್ಲ. ಬಾಡಿಗೆ, ವಿದ್ಯುತ್ತು-ನೀರು, ದಿನಸಿ, ಓಡಾಟ, ಫೋನು, ಇಂಟರ್‌ನೆಟ್ಟು ಎಲ್ಲ ಕಳೆದರೆ ನಿಮ್ಮ 9,000ದಲ್ಲಿ ಎರಡು ಸಾವಿರದ ಆಸುಪಾಸು ಕೈಯಲ್ಲಿ ಉಳಿಯಬಹುದು ಎಂಬುದು ನನ್ನ ಅಂದಾಜು. ಮಗಳು ಶಾಲೆಗೆ ಸೇರಿದ ವರ್ಷದಿಂದ ಅದರಲ್ಲಿ ಅರ್ಧ ಹೋಗುತ್ತದೆ. ಜುಲೈ-ಆಗಸ್ಟ್ ರಜೆಯಲ್ಲಿ ಮೂವರೂ ಊರಿಗೆ ಹೊರಟರೆ ಟಿಕೆಟ್ಟಿನ ದರ ನೋಡಿ ಉಳಿದರ್ಧದ ಆಸೆಯನ್ನೂ ಬಿಡಬೇಕಾಗುತ್ತದೆ. ಬಾಡಿಗೆ ಉಳಿಸಲು ಶಾರ್ಜಾದಲ್ಲಿ ಮನೆ ಮಾಡಿದವರು ಆ ಉಳಿತಾಯವನ್ನು ರಸ್ತೆಯಲ್ಲಿ ತೀರಿಸುತ್ತಾರೆ. ಮೂವತ್ತು ಕಿಲೋಮೀಟರ್ ದಾರಿಗೆ ಬೆಳಿಗ್ಗೆ ಒಂದೂವರೆ ಗಂಟೆ ಹಿಡಿಯುವುದು ನನಗೆ ಎಷ್ಟು ರೂಢಿಯಾಗಿದೆ ಎಂದರೆ, ಖಾಲಿ ರಸ್ತೆ ಕಂಡ ದಿನ ಇಂದು ರಜೆಯಿರಬಹುದೇ ಎಂದು ಗಾಬರಿಯಾಗುತ್ತದೆ.

ಇನ್ನು ರೂಪಾಯಿಯ ಮಾತು. ದಿರ್ಹಮನ್ನು ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿರುವುದರಿಂದ, ಡಾಲರಿನ ಎದುರು ರೂಪಾಯಿ ಬಿದ್ದಾಗಲೆಲ್ಲ ನಮ್ಮ ಸಂಬಳ ಊರಿನ ಲೆಕ್ಕದಲ್ಲಿ ಏರುತ್ತದೆ. ನಾನು ಬಂದ ವರ್ಷ ಒಂದು ದಿರ್ಹಮಿಗೆ ಸುಮಾರು 11 ರೂಪಾಯಿ ಇತ್ತು, ಈಗ 23ನ್ನು ದಾಟಿದೆ. ರೂಪಾಯಿ ಕುಸಿಯಿತೆಂಬ ಸುದ್ದಿ ಬಂದ ದಿನ ಹಣ ಕಳುಹಿಸುವ ಎಕ್ಸ್‌ಚೇಂಜ್ ಅಂಗಡಿಯ ಮುಂದೆ ಸಾಲು ಬೆಳೆಯುತ್ತದೆ. ದೇಶದ ಕಷ್ಟಕ್ಕೆ ಒಳಗೊಳಗೇ ಸಂತೋಷಪಡುವ ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಆದರೆ ಆ ಲಾಭವನ್ನು ನಂಬಿ ಬರಬೇಡಿ. ದರ ದುಪ್ಪಟ್ಟಾಗುವಷ್ಟರಲ್ಲಿ ಊರಿನಲ್ಲಿ ಮನೆ ಕಟ್ಟುವ ವೆಚ್ಚ, ಕೂಲಿ, ಕಾಲೇಜಿನ ಶುಲ್ಕ ಯಾವುದೂ ಅಲ್ಲೇ ನಿಂತಿರಲಿಲ್ಲ.

ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಒಂಟಿತನ, ಸೆಕೆ, ಪರಭಾಷೆ ಎಂದೆಲ್ಲ ಜನ ಹೇಳುತ್ತಾರೆ. ನನ್ನ ಅನುಭವದಲ್ಲಿ ಅವು ಅಷ್ಟಾಗಿ ಕಾಡುವುದಿಲ್ಲ. ದುಬೈಯ ಕರಾಮಾ ಬಡಾವಣೆಯ ಬೀದಿಗಳಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ, ಕುಚ್ಚಲಕ್ಕಿಯಿಂದ ಮಲ್ಲಿಗೆಯವರೆಗೆ ಎಲ್ಲವೂ ಸಿಗುತ್ತದೆ, ಮಧ್ಯರಾತ್ರಿ ನನ್ನ ಹೆಂಡತಿ ಒಬ್ಬಳೇ ಔಷಧದ ಅಂಗಡಿಗೆ ಹೋಗಿಬರುತ್ತಾಳೆ. ನಮ್ಮನ್ನು ಕಾಡುವುದು ಬೇರೆ. ಇಲ್ಲಿಂದ ಹೊರಡುವ ದಿನವನ್ನು ನಿರ್ಧರಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ವಾಸದ ವೀಸಾ ನೌಕರಿಗೆ ಅಂಟಿಕೊಂಡಿದೆ, ಹೆಂಡತಿ ಮಕ್ಕಳ ವೀಸಾ ನನ್ನ ವೀಸಾಕ್ಕೆ ಅಂಟಿಕೊಂಡಿದೆ. 2019ರಿಂದ ಹತ್ತು ವರ್ಷದ ಗೋಲ್ಡನ್ ವೀಸಾ ಬಂದಿದೆ ನಿಜ, ಆದರೆ ಅದರ ಅರ್ಹತೆ ನನ್ನಂಥ ಸಾಮಾನ್ಯ ಗುಮಾಸ್ತನಿಗೆ ಎಟಕುವಂಥದ್ದಲ್ಲ. ನನ್ನಂಥವರು ವೀಸಾ ನವೀಕರಣಕ್ಕೆಂದು ಎರಡು ವರ್ಷಕ್ಕೊಮ್ಮೆ ರಕ್ತ ಕೊಟ್ಟು, ಎದೆಯ ಎಕ್ಸ್-ರೇ ತೆಗೆಸಿಕೊಂಡು, ಬೆರಳೆಣಿಕೆಯ ದಿನಗಳ ಕಾಲ ಫಲಿತಾಂಶಕ್ಕಾಗಿ ಮೊಬೈಲನ್ನೇ ನೋಡುತ್ತ ಕೂರುತ್ತೇವೆ. ವೈದ್ಯಕೀಯ ಪರೀಕ್ಷೆಯ ವಾರದಲ್ಲಿ ಸಣ್ಣ ಕೆಮ್ಮು ಬಂದರೂ ಮನೆಯಲ್ಲಿ ಕಷಾಯ ಕುದಿಯುತ್ತದೆ, ಮಾತು ಕಡಿಮೆಯಾಗುತ್ತದೆ. ಹದಿನೆಂಟು ವರ್ಷವಾದರೂ ಈ ಹೆದರಿಕೆ ತಗ್ಗಿಲ್ಲ.

ಅದು ಸುಮ್ಮನೆ ಹುಟ್ಟಿದ ಹೆದರಿಕೆಯೂ ಅಲ್ಲ. 2009ರ ಫೆಬ್ರವರಿಯಲ್ಲಿ, ಜಾಗತಿಕ ಆರ್ಥಿಕ ಕುಸಿತದ ಹೊಡೆತಕ್ಕೆ ದುಬೈಯ ಕಟ್ಟಡ ಕಾಮಗಾರಿಗಳು ಒಂದೊಂದಾಗಿ ನಿಲ್ಲುತ್ತಿದ್ದಾಗ, ನಾನಿದ್ದ ಕಂಪನಿ ಒಂದೇ ದಿನ ನಮ್ಮ ವಿಭಾಗದ ಅರ್ಧ ಜನರನ್ನು ಮನೆಗೆ ಕಳುಹಿಸಿತು. ಮದುವೆಯಾಗಿ ಹೆಂಡತಿ ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೇ. ವೀಸಾ ರದ್ದಾದ ಮೇಲೆ ಆಗ ಸಿಗುತ್ತಿದ್ದ ಕಾಲಾವಕಾಶ 30 ದಿನ. ಬಾಡಿಗೆಗೆಂದು ಮುಂದಿನ ದಿನಾಂಕ ಹಾಕಿ ಕೊಟ್ಟಿದ್ದ ಮೂರು ಚೆಕ್ಕುಗಳು ಮನೆ ಮಾಲೀಕನ ಬಳಿ ಇದ್ದವು. ಚೆಕ್ಕು ಮರಳಿದರೆ ಜೈಲು ಎಂಬ ಕಾಲ ಅದು (2022ರ ಜನವರಿಯಿಂದ ಆ ಕಾನೂನು ಸಾಕಷ್ಟು ಸಡಿಲವಾಗಿದೆ). ನಮ್ಮ ಕಟ್ಟಡದ ನಾತೂರ್, ಎಂದರೆ ಕಾವಲುಗಾರ, ಪೇಶಾವರದ ಕಡೆಯ ವೃದ್ಧ. ಅವರೇ ನನ್ನನ್ನು ಕರೆದುಕೊಂಡು ಹೋಗಿ ಮಾಲೀಕನ ಮುಂದೆ ಕೂರಿಸಿದರು. ಒಂದು ಚೆಕ್ಕನ್ನು ದಂಡವೆಂದು ಇಟ್ಟುಕೊಂಡು, ಉಳಿದೆರಡನ್ನು ಮಾಲೀಕ ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ. ಅವನ್ನು ಅಲ್ಲೇ ಹರಿಯಬೇಕೋ ಜೇಬಿಗೆ ಹಾಕಿಕೊಳ್ಳಬೇಕೋ ತಿಳಿಯದೆ ನಾನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಫ್ರಿಜ್ಜನ್ನೂ ಮಂಚವನ್ನೂ ಆ ನಾತೂರ್ ಮೂಲಕವೇ ಮಾರಿದೆವು. ಎಂಟು ತಿಂಗಳು ಊರಿನಲ್ಲಿದ್ದು ಬೇರೆ ಕಂಪನಿಗೆ ಮತ್ತೆ ಬಂದೆ, ಅಲ್ಲಿಯೇ ಇಂದಿಗೂ ಇದ್ದೇನೆ.

ಈ ಕಾರಣಕ್ಕೆ ನಿಮ್ಮ ನೇಮಕಪತ್ರದಲ್ಲಿ 9,000 ಎಂಬ ಅಂಕಿಗಿಂತ ಮೂಲ ವೇತನ ಎಷ್ಟೆಂಬುದನ್ನು ನೋಡಿ. ಇಲ್ಲಿ ಪಿಂಚಣಿಯಿಲ್ಲ, ಕೆಲಸ ಬಿಡುವಾಗ ಸಿಗುವುದು ಗ್ರಾಚ್ಯುಟಿ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಅದರ ಲೆಕ್ಕ. ಮೂಲ ವೇತನ 3,600 ಎಂದು ಬರೆದು ಉಳಿದದ್ದನ್ನು ಭತ್ಯೆಗಳೆಂದು ತೋರಿಸಿದರೆ ಐದು ವರ್ಷಕ್ಕೆ ನಿಮಗೆ ಸಿಗುವುದು 12,600 ದಿರ್ಹಮ್. ಅದೇ 5,400 ಎಂದಿದ್ದರೆ 18,900. ಕೆಲಸ ಕಳೆದುಕೊಂಡವರಿಗಾಗಿ 2023ರ ಜನವರಿಯಿಂದ ಕಡ್ಡಾಯವಾಗಿರುವ ವಿಮೆಯೂ ಮೂಲ ವೇತನದ ಶೇ. 60ರಷ್ಟನ್ನು ಹೆಚ್ಚೆಂದರೆ ಮೂರು ತಿಂಗಳು ಕೊಡುತ್ತದೆ. ಸಂದರ್ಶನದಲ್ಲಿ ಇದನ್ನು ಕೇಳಲು ಸಂಕೋಚಪಡಬೇಡಿ. ನಾನು ಸಂಕೋಚಪಟ್ಟಿದ್ದೆ, ಅದರ ಬೆಲೆಯನ್ನು ಕೆಲಸ ಬಿಡುವ ದಿನ ಕಟ್ಟುತ್ತೇನೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಹೇಳುತ್ತಿರುವುದೆಲ್ಲ ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವನ ಚಿಂತೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸ ಮಾಡಿಸಬಾರದೆಂಬ ನಿಯಮ ಇದೆ. ಆ ವಿರಾಮದಲ್ಲಿ ಸೇತುವೆಯ ಕೆಳಗೆ ರಟ್ಟು ಹಾಸಿಕೊಂಡು ಮಲಗುವವರ ಚಿಂತೆಗಳನ್ನು ಅವರೇ ಹೇಳಬೇಕು.

ಊರಿನ ಹಿರಿಯರ ವಿಷಯ. ವಾಟ್ಸ್ಆ್ಯಪ್ ಕರೆಗಳು ಇಲ್ಲಿ ನಡೆಯುವುದಿಲ್ಲವಾದ್ದರಿಂದ ಅಮ್ಮನ ಫೋನಿನಲ್ಲಿ ಬೋಟಿಮ್ ಎಂಬ ಕರೆಯ ಆ್ಯಪ್ ಹಾಕಿಸಿಕೊಟ್ಟಿದ್ದೇನೆ. ನಮಗಿಂತ ಒಂದೂವರೆ ಗಂಟೆ ಮುಂದಿರುವ ಊರಿನಲ್ಲಿ ಅವರು ಊಟ ಮುಗಿಸಿ ಮಲಗುವ ಹೊತ್ತಿಗೆ ನಾನಿನ್ನೂ ರಸ್ತೆಯಲ್ಲಿರುತ್ತೇನೆ. ನನ್ನ ತಂದೆ 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಾರ್ಚ್ ಕೊನೆಯಿಂದಲೇ ಭಾರತಕ್ಕೆ ವಿಮಾನಗಳು ನಿಂತಿದ್ದವು. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಹೊರಟದ್ದು ಮೇ 12ರಂದು. ಬೊಜ್ಜದ, ಎಂದರೆ ಉತ್ತರಕ್ರಿಯೆಯ, ದಿನ ನನ್ನ ತಮ್ಮ ಮೊಬೈಲನ್ನು ಬಾಳೆಗಿಡಕ್ಕೆ ಒರಗಿಸಿ ಇಟ್ಟಿದ್ದ. ಗಾಳಿಗೆ ಅದು ಎರಡು ಬಾರಿ ಬಿತ್ತು, ಎರಡು ಬಾರಿಯೂ ನನಗೆ ಕಂಡದ್ದು ಆಕಾಶ ಮಾತ್ರ. ಆ ವರ್ಷ ಹೀಗಾದದ್ದು ನನಗೊಬ್ಬನಿಗೆ ಅಲ್ಲ, ಆದ್ದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ.

ಉಳಿತಾಯವೆಲ್ಲ ಹೋಗಿ ಸೇರುವುದು ಊರಿನ ಮನೆಗೆ. 2016ರಲ್ಲಿ ನಾನೂ ಕಟ್ಟಿಸಿದೆ. ವರ್ಷಕ್ಕೆ ಇಪ್ಪತ್ತು ದಿನ ಬಾಗಿಲು ತೆರೆಯುವ ಆ ಮನೆಯ ಕೀಲಿ ಪಕ್ಕದ ಮನೆಯ ಅಕ್ಕನ ಬಳಿ ಇರುತ್ತದೆ. ಮಳೆಗಾಲದಲ್ಲಿ ಹೋದರೆ ಮೊದಲ ಎರಡು ದಿನ ಬೂಷ್ಟು ಒರೆಸುವುದರಲ್ಲಿ, ಒರಲೆ (ಗೆದ್ದಲು) ಹಿಡಿದ ಬಾಗಿಲ ಚೌಕಟ್ಟಿಗೆ ಎಣ್ಣೆ ಬಳಿಯುವುದರಲ್ಲಿ ಕಳೆಯುತ್ತದೆ. ಕರಾವಳಿಯಲ್ಲಿ ಇಂಥ ಬೀಗ ಹಾಕಿದ ದೊಡ್ಡ ಮನೆಗಳನ್ನು ನೀವೂ ಕಂಡಿರಬಹುದು. ಐದು ವರ್ಷಕ್ಕೆಂದು ಬರುವ ನೀವು ಮೊದಲ ಐದು ವರ್ಷ ಮನೆ ಕಟ್ಟಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಮನೆಯ ಸಾಲ ತೀರಿಸಲಿಕ್ಕೇ ಇನ್ನೆರಡು ವರ್ಷ, ಮತ್ತೆರಡು ವರ್ಷ ಎಂದು ಇಲ್ಲಿ ಉಳಿಯಬೇಕಾಗುತ್ತದೆ. ತೋಟ ಕೊಳ್ಳುವ ಆಸೆಯಿದ್ದರೆ ಹೊರಡುವ ಮುಂಚೆಯೇ ತಿಳಿದಿರಲಿ: ಅನಿವಾಸಿ ಭಾರತೀಯರಿಗೆ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯದ ನಿಯಮಗಳು ಅವಕಾಶ ಕೊಡುವುದಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಕೃಷಿಕರಲ್ಲದವರೂ ಭೂಮಿ ಕೊಳ್ಳಬಹುದೆಂದು ಕರ್ನಾಟಕ 2020ರಲ್ಲಿ ಕಾನೂನು ತಿದ್ದಿದಾಗ ನಮ್ಮಲ್ಲಿ ಹಲವರು ಸಂಭ್ರಮಿಸಿದರು, ಆದರೆ ಆ ತಿದ್ದುಪಡಿ ನಮ್ಮ ಮೇಲಿನ ಈ ನಿರ್ಬಂಧವನ್ನು ಮುಟ್ಟಲಿಲ್ಲ. ಹಾಗೆಯೇ ಇಲ್ಲಿಗೆ ಬಂದ ಮೇಲೆ ನಿಮ್ಮ ಹಳೆಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಊರಿನ ಆದಾಯಕ್ಕಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಿ, ಇಲ್ಲಿಂದ ಕಳುಹಿಸುವ ಹಣಕ್ಕೆ ಬೇರೆಯಾಗಿ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ.

ನಿಮ್ಮ ಮಗಳಿಗೆ ಎರಡೇ ವರ್ಷವಾದ್ದರಿಂದ ಶಾಲೆಯ ಚಿಂತೆ ಈಗ ದೂರದ್ದೆನಿಸಬಹುದು. ಆದರೆ ಇಲ್ಲಿಯ ಸಂಸಾರಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಯಾಗುವುದು ಇದೇ. ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ, ಒಂಬತ್ತನೆಯ ತರಗತಿಯವರೆಗೆ ಅರೇಬಿಕ್ ಕಡ್ಡಾಯ, ಕನ್ನಡವನ್ನು ವಾರಾಂತ್ಯದಲ್ಲಿ ಸ್ವಯಂಸೇವಕರು ಉಚಿತವಾಗಿ ಕಲಿಸುತ್ತಾರೆ. 2022ರಲ್ಲಿ ವಾರದ ರಜೆ ಬದಲಾದಾಗ ಶಾರ್ಜಾದ ಶಾಲೆಗಳಿಗೆ ಶುಕ್ರವಾರದಿಂದ ಭಾನುವಾರದವರೆಗೆ ರಜೆಯಾಯಿತು, ದುಬೈಯ ನನ್ನ ಕಚೇರಿಗೆ ಶುಕ್ರವಾರ ಕೆಲಸ. ಮಗ ಮನೆಯಲ್ಲಿದ್ದಾಗ ನಾನಿಲ್ಲ ಎಂಬುದು ಅಂದಿನಿಂದ ನಡೆದುಬಂದಿದೆ. ಇವೆಲ್ಲ ಸಹಿಸಬಹುದಾದವು. ನಿಜವಾದ ತೊಡಕು ಹತ್ತನೆಯ ತರಗತಿಯ ನಂತರದ್ದು. ಕರ್ನಾಟಕದ ಸಿಇಟಿಯಲ್ಲಿ ರಾಜ್ಯದ ಕೋಟಾದ ಸೀಟಿಗೆ ವಿದ್ಯಾರ್ಥಿ ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ಇಲ್ಲವೇ ತಂದೆ ತಾಯಿಯರಲ್ಲಿ ಒಬ್ಬರು ಏಳು ವರ್ಷ ಅಲ್ಲಿ ಓದಿದ್ದು, ಮಗು ಪಿಯುಸಿಯ ಎರಡು ವರ್ಷಗಳನ್ನು ಅಲ್ಲೇ ಮುಗಿಸಬೇಕು. ಬೇರೆ ವಿನಾಯಿತಿಗಳೂ ಇವೆ, ಆಯಾ ವರ್ಷದ ಕೈಪಿಡಿ ನೋಡಿಕೊಳ್ಳಬೇಕು. ಅನಿವಾಸಿ ಕೋಟಾದ ಶುಲ್ಕ ಕೇಳಿದರೆ ನನ್ನಂಥವನ ಗ್ರಾಚ್ಯುಟಿ ಮೊದಲ ವರ್ಷಕ್ಕೂ ಸಾಲದು. ಹೀಗಾಗಿ ಮಗು ಹತ್ತು ಮುಗಿಸಿದ ಬೇಸಿಗೆಯಲ್ಲಿ ತಾಯಿ ಮತ್ತು ಮಗು ಊರಿಗೆ, ತಂದೆ ಇಲ್ಲೇ ಎಂದು ಸಂಸಾರ ಎರಡಾಗುತ್ತದೆ. ನಿಮ್ಮ ಐದು ವರ್ಷದ ಲೆಕ್ಕಕ್ಕೆ ನೀವು ನಿಜಕ್ಕೂ ಅಂಟಿಕೊಂಡರೆ ಮಗಳು ಎರಡನೆಯ ತರಗತಿಗೆ ಹಾಸನದಲ್ಲಿರುತ್ತಾಳೆ, ಈ ತೊಡಕು ನಿಮಗೆ ಬರುವುದೇ ಇಲ್ಲ. ಅಂಟಿಕೊಳ್ಳಲು ಸಾಧ್ಯವೇ ಎಂದರೆ, ಸಾಧ್ಯ. ನನ್ನ ಪರಿಚಯದಲ್ಲಿ ಇಬ್ಬರು ಹಾಗೆ ಹೋಗಿದ್ದಾರೆ. ಇಬ್ಬರೂ ಇಲ್ಲಿ ಕಾರನ್ನಾಗಲೀ ಊರಿನಲ್ಲಿ ಸೈಟನ್ನಾಗಲೀ ಸಾಲದ ಮೇಲೆ ಕೊಂಡಿರಲಿಲ್ಲ.

ನನ್ನ ಮಗ ಮುಂದಿನ ಮಾರ್ಚ್‌ನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಾನೆ. ಏಪ್ರಿಲ್‌ನಲ್ಲಿ ಅವನೂ ನನ್ನ ಹೆಂಡತಿಯೂ ಹೊರಡುತ್ತಾರೆ, ಕುಂದಾಪುರದ ಪಿಯು ಕಾಲೇಜೊಂದರಲ್ಲಿ ವಿಚಾರಿಸಿ ಆಗಿದೆ. ಮನೆಯ ಕರಾರನ್ನು ನವೀಕರಿಸುವುದಿಲ್ಲವೆಂದು ಮಾಲೀಕನಿಗೆ ಕಳೆದ ವಾರ ಬರೆದುಕೊಟ್ಟೆ. ಹೆಂಡತಿ ಮಕ್ಕಳು ಜೊತೆಯಲ್ಲಿಲ್ಲದ ಗಂಡಸನ್ನು, ಅವನಿಗೆ ಮೊಮ್ಮಕ್ಕಳಿದ್ದರೂ ಸರಿಯೇ, ಗಲ್ಫ್‌ನಲ್ಲಿ ಬ್ಯಾಚುಲರ್ ಎಂದೇ ಕರೆಯುತ್ತಾರೆ. ಅಂಥವರಿಗೆ ಫ್ಯಾಮಿಲಿ ಕಟ್ಟಡಗಳಲ್ಲಿ ಮನೆ ಕೊಡುವುದಿಲ್ಲ. 2007ರಲ್ಲಿ ನಾಲ್ವರೊಡನೆ ಒಂದು ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ, ಎಂದರೆ ಬೆಡ್‌ಸ್ಪೇಸ್ ಹಿಡಿದಿದ್ದೆ. ಈಗ ನಲವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಅದನ್ನೇ ಹುಡುಕುತ್ತಿದ್ದೇನೆ. ನಿನ್ನೆ ನೋಡಿ ಬಂದ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚ ಖಾಲಿಯಿದೆ, 700 ದಿರ್ಹಮ್ ಹೇಳಿದ್ದಾರೆ, ಅಡುಗೆಗೆ ಸರದಿಯಂತೆ.