ಐಸಿಯುನಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ರಕ್ತದಲ್ಲಿ ಫಂಗಸ್ ಸೋಂಕು ಬರುವುದು ಹೇಗೆ?

ಹೆಚ್ಚಾಗಿ ಕೈಗಳಿಂದ, ಮತ್ತೆ ಮತ್ತೆ ಬಳಸುವ ಉಪಕರಣಗಳಿಂದ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆದದ್ದನ್ನೇ ನೋಡಿ. 2015ರಿಂದ 2017ರ ನಡುವೆ ಅಲ್ಲಿನ ಆಸ್ಪತ್ರೆಯಲ್ಲಿ 70 ರೋಗಿಗಳಲ್ಲಿ ಕ್ಯಾಂಡಿಡಾ ಆರಿಸ್ ಎಂಬ ಫಂಗಸ್ ಸಿಕ್ಕಿತು. ಬಹುತೇಕ ಎಲ್ಲರೂ ನ್ಯೂರೋ ಐಸಿಯುನಲ್ಲಿ, ಅಂದರೆ ಮೆದುಳು-ನರದ ತೊಂದರೆ ಇರುವವರ ಐಸಿಯುನಲ್ಲಿ ಇದ್ದವರು. ಸುತ್ತಮುತ್ತಲ ಜಾಗಗಳನ್ನು ಪರೀಕ್ಷಿಸಿದರೂ ಅದು ಅಷ್ಟಾಗಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಜ್ವರ ನೋಡಲು ಕಂಕುಳಲ್ಲಿ ಇಡುವ ಪ್ರೋಬ್‌ಗಳಲ್ಲಿ! ಒಬ್ಬರಿಗೆ ಬಳಸಿದ್ದನ್ನೇ ಮುಂದೆ ಇನ್ನೊಬ್ಬರಿಗೂ ಬಳಸುತ್ತಿದ್ದರು. ಅವನ್ನು ತೆಗೆದ ಮೇಲೆಯೇ ಹೊಸ ಕೇಸುಗಳು ಇಳಿದವು. ಇಷ್ಟು ಚಿಕ್ಕ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ?

ಚರ್ಮದ ಮೇಲೆ ಸುಮ್ನೆ ಕೂತಿರುವ ಫಂಗಸ್‌ನಿಂದ ತಕ್ಷಣ ತೊಂದರೆ ಇಲ್ಲ. ಆ 70 ಜನರಲ್ಲಿ ದೇಹದ ಒಳಗೆ ಸೋಂಕಾದದ್ದು 7 ಮಂದಿಗೆ ಮಾತ್ರ. ಆದರೆ ಐಸಿಯು ರೋಗಿಯ ಕುತ್ತಿಗೆಯಲ್ಲೋ ತೊಡೆಯಲ್ಲೋ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಎಂಬ ತೆಳು ಕೊಳವೆ ಇರುತ್ತದೆ. ಅದೇ ದಾರಿ ಹಿಡಿದು ಫಂಗಸ್ ರಕ್ತಕ್ಕೆ ಇಳಿಯುತ್ತದೆ. ಜಾಸ್ತಿ ದಿನ ಆ್ಯಂಟಿಬಯೋಟಿಕ್ ಕೊಟ್ಟರೆ ಮೈಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಫಂಗಸ್‌ಗೆ ಇನ್ನಷ್ಟು ಜಾಗ ಸಿಗುತ್ತದೆ.

ಕ್ಯಾಂಡಿಡಾ ಆರಿಸ್‌ನ ಕಾಟ ಇಷ್ಟಕ್ಕೇ ಮುಗಿಯುವುದಿಲ್ಲ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಮಾತ್ರೆಗೆ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಮಂಚದ ಕಂಬಿಯಂಥ ಕಡೆ ವಾರಗಟ್ಟಲೆ ಬದುಕಿರುತ್ತದೆ. ಆಸ್ಪತ್ರೆಗಳಲ್ಲಿ ಒರೆಸಲು ಬಳಸುವ ಕೆಲವು ದ್ರಾವಣಗಳಿಗೂ ಪೂರ್ತಿ ಸಾಯುವುದಿಲ್ಲ, ಕ್ಲೋರಿನ್ ಇರುವುದು ಬೇಕಾಗುತ್ತದೆ.

ನಿಮ್ಮವರು ಐಸಿಯುನಲ್ಲಿದ್ದರೆ ಒಳಗೆ ಹೋಗುವಾಗಲೂ ಬರುವಾಗಲೂ ಕೈಗೆ ಸ್ಯಾನಿಟೈಸರ್ ಹಚ್ಚಿ. ಸೆಂಟ್ರಲ್ ಲೈನ್ ಇನ್ನೂ ಬೇಕಾ ಎಂದು ಡಾಕ್ಟರನ್ನು ದಿನಾ ಕೇಳಿ, ಸಂಕೋಚ ಬೇಡ.