ಅಮ್ಮನಿಗೆ ರೇಡಿಯೇಷನ್ ಕೊಡಿಸೋದಾ, ಸ್ವಲ್ಪ ದಿನ ಮುಂದೂಡೋದಾ?

ಗರ್ಭಕೋಶದ ಬಾಯಿಯ ಕ್ಯಾನ್ಸರ್, ರೇಡಿಯೇಷನ್ ಹೇಳಿದ್ದಾರೆ, ಆದರೆ ಅದರಿಂದಲೇ ಇನ್ನೊಂದು ಕ್ಯಾನ್ಸರ್ ಬರುತ್ತಂತೆ, ಮನೆಯಲ್ಲಿ ಪುಟ್ಟ ಮಗುವೂ ಇದೆ ಅಂತ ಬರೆದಿದ್ದೀರಿ. ನಮ್ಮಮ್ಮನಿಗೂ ಇದೇ ಕಾಯಿಲೆ ಇತ್ತು. ನಮ್ಮ ಮನೆಯಲ್ಲೂ ಇದೇ ಮಾತು ಎದ್ದಿತ್ತು.

ವಾರಕ್ಕೆ ಐದು ದಿನದಂತೆ 25 ಸಲ ಹೊರಗಿನಿಂದ ರೇಡಿಯೇಷನ್ (ಜನ ಕರೆಂಟ್ ಅನ್ನುವುದು ಇದಕ್ಕೇ), ಜೊತೆಗೆ ವಾರಕ್ಕೊಂದು ಕೀಮೋ, ಆಮೇಲೆ ಬ್ರೇಕಿಥೆರಪಿ, ಅಂದರೆ ಒಳಗಿನಿಂದ ಕೊಡುವ ರೇಡಿಯೇಷನ್, ಅಂದಿದ್ದರು. ಹೊಟ್ಟೆಯ ಮೇಲೆ ಗುರುತು ಹಾಕಿದರು. ಅದು ಅಳಿಸಿ ಹೋದೀತು ಅಂತ ಅಮ್ಮ ಸೋಪನ್ನೇ ಮುಟ್ಟುತ್ತಿರಲಿಲ್ಲ. ಪ್ರತಿ ಸಲವೂ ನೀರು ಕುಡಿದು ಕಾಯಬೇಕಿತ್ತು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಪೆಟ್ಟಿನಿಂದ ಪಾರಾಗುತ್ತದೆ. ಮೆಷಿನ್ನಿನ ಕೆಲಸ ಕೆಲವೇ ನಿಮಿಷ. ನೋವೂ ಇಲ್ಲ, ಬಿಸಿಯೂ ಇಲ್ಲ.

ಮೂರನೇ ವಾರ ಭೇದಿ ಶುರುವಾಯಿತು. ಅಮ್ಮ ಇಳಿದುಹೋದರು. "ಕರೆಂಟ್ ಕೊಟ್ಟು ಕೊಟ್ಟು ಸುಡ್ತಿದ್ದಾರೆ ಕಣೇ, ಮನೆಗೆ ಕರ್ಕೊಂಡ್ ಬಾ, ಮೈ ಸುಧಾರಿಸಲಿ" ಅಂತ ಊರಿಂದ ದೊಡ್ಡಮ್ಮ ಫೋನ್ ಮಾಡಿದರು. ನಾನು ಡಾಕ್ಟರಿಗೆ ಒಂದು ಮಾತೂ ಹೇಳದೆ ಕರೆದುಕೊಂಡು ಹೋದೆ. ವಾಪಸ್ ಬರುವಷ್ಟರಲ್ಲಿ ವಾರಗಳು ಕಳೆದಿದ್ದವು.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳುತ್ತೇನೆ. ರೇಡಿಯೇಷನ್ ಜೀವಕೋಶದ ಡಿಎನ್‌ಎ ಮುರಿಯುತ್ತದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಳ್ಳೆಯ ಕೋಶಗಳು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಆಗುವುದಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಕೊಡುವುದು. ಮಧ್ಯೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಜೋರಾಗಿ ಬೆಳೆಯುತ್ತವೆ. ಹಾಗಾಗಿ ಬ್ರೇಕಿಥೆರಪಿಯೂ ಸೇರಿ ಎಲ್ಲವೂ 8 ವಾರದೊಳಗೆ ಮುಗಿಯಬೇಕು. ತಪ್ಪಿದ್ದನ್ನೆಲ್ಲ ಒಂದೇ ದಿನ ಸೇರಿಸಿ ಕೊಡೋಣ ಅಂದರೆ ಕರುಳು, ಮೂತ್ರಕೋಶ ತಡೆಯುವುದಿಲ್ಲ. ನಾವು ಇಷ್ಟೆಲ್ಲ ಕಳೆದುಕೊಂಡದ್ದು ಭೇದಿಯ ಕಾರಣಕ್ಕೆ! ಮಾತ್ರೆ, ಓಆರ್‌ಎಸ್, ಊಟದಲ್ಲಿ ಸ್ವಲ್ಪ ಬದಲಾವಣೆಯಲ್ಲೇ ಹತೋಟಿಗೆ ಬರಬಹುದಾಗಿದ್ದ ಭೇದಿ.

ಮುಂದಿನ ವರ್ಷ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಬಂತು. ಆ ಜಾಗಕ್ಕೆ ಎರಡನೇ ಸಲ ಅಷ್ಟೇ ಡೋಸ್ ಕೊಡಲು ಬರುವುದಿಲ್ಲ. ಅಮ್ಮ ಉಳಿಯಲಿಲ್ಲ. ನಡುವೆ ನಿಲ್ಲಿಸಿದ್ದರಿಂದಲೇ ಹೀಗಾಯಿತು ಅಂತ ಯಾರೂ ಖಚಿತವಾಗಿ ಹೇಳಲಾರರು. ಆದರೆ ಇದ್ದ ಅವಕಾಶವನ್ನು ಕಡಿಮೆ ಮಾಡಿದ್ದು ನಾನೇ.

ಹಾಗಾಗಿ "ಕೊಡಿಸೋದಾ, ಮುಂದೂಡೋದಾ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರೇಡಿಯೇಷನ್‌ನಿಂದ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇರುವುದು ನಿಜ. ಅದು ಕಡಿಮೆ, ಬಂದರೂ ಸಾಮಾನ್ಯವಾಗಿ ಎಷ್ಟೋ ವರ್ಷದ ಮೇಲೆ. ಈಗ ಮೈಯಲ್ಲಿರುವ ಕ್ಯಾನ್ಸರ್ ಕಾಯುವುದಿಲ್ಲ. ಮಗುವಿನ ಚಿಂತೆಯನ್ನಂತೂ ಬಿಟ್ಟುಬಿಡಿ. ಹೊರಗಿನ ಮೆಷಿನ್ ಆಫ್ ಆದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ, ಅಜ್ಜಿ ಮಗುವನ್ನು ಎತ್ತಿಕೊಳ್ಳಬಹುದು. ಮಕ್ಕಳಿಂದ, ಬಸುರಿಯರಿಂದ ದೂರ ಇರಿ ಅನ್ನುವುದು ಥೈರಾಯ್ಡ್‌ಗೆ ಅಯೋಡಿನ್-131 ಅನ್ನುವ ಕಿರಣ ಬಿಡುವ ಔಷಧಿ ಕುಡಿದವರಿಗೆ. ಅದು ಮೈಯೊಳಗೇ ಇರುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಜನ ಸುಮ್ನೆ ಹೆದರಿಸುತ್ತಾರೆ.

ಹೆದರಲೇಬೇಕು ಅಂದರೆ ಬೇಕಿಲ್ಲದ ಸಿಟಿ ಸ್ಕ್ಯಾನ್‌ಗೆ ಹೆದರಿ. ಎದೆಯ ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಗಲುವ ರೇಡಿಯೇಷನ್ನಿನ ಅಳತೆ). ಹೊಟ್ಟೆಯ ಸಿಟಿ ಅದರ ಹತ್ತಾರು ಪಟ್ಟು ಜಾಸ್ತಿ. ತಲೆನೋವು ಅಂದ ತಕ್ಷಣ ಮಗುವಿಗೆ ಸಿಟಿ ಮಾಡಿಸಿ ಅಂತ ನೀವಾಗಿ ಕೇಳಬೇಡಿ.

ಅಮ್ಮನಿಗೆ ಆಸ್ಪತ್ರೆಯ ಹತ್ತಿರವೇ ರೂಮ್ ಮಾಡಿ. ಭೇದಿ, ಉರಿಮೂತ್ರ, ಚರ್ಮ ಕಪ್ಪಾಗುವುದು, ಏನೇ ಆದರೂ ಅದೇ ದಿನ ಹೇಳಿ. ಯೋನಿ ಬಿಗಿಯಾಗುವುದು, ಮುಂದೆ ಮಲ ಮೂತ್ರದಲ್ಲಿ ರಕ್ತ ಬೀಳುವುದು, ಇವುಗಳ ಬಗ್ಗೆ ಸಂಕೋಚ ಬಿಟ್ಟು ಈಗಲೇ ಕೇಳಿಕೊಳ್ಳಿ. ಹಬ್ಬಕ್ಕೋ ಮೆಷಿನ್ ಕೆಟ್ಟಿದ್ದಕ್ಕೋ ಒಂದು ದಿನ ತಪ್ಪಿದರೆ ಹೇಗೆ ತುಂಬಿಸುತ್ತೀರಿ ಅಂತಲೂ ಕೇಳಿ. ಶನಿವಾರ ಕೊಡಬಹುದು, ಇಲ್ಲವೇ ಒಂದೇ ದಿನ 6 ಗಂಟೆಯಾದರೂ ಬಿಟ್ಟು ಎರಡು ಸಲ ಕೊಡಬಹುದು.